ಟಿಬೆಟನ್ ಮಾಸ್ಟಿಫ್: ರಾತ್ರಿಯೆಲ್ಲ ಬೊಗಳ್ತಾನೆ, ಕರೆದ್ರೆ ಬರಲ್ಲ. ಬೇಸಿಗೆಗೆ ಕೂದಲು ಬೋಳಿಸಬಹುದಾ?

ಭೈರನ_ಮನೆ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತಿದೀನಿ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಮ್ಮನೇಲಿ 14 ತಿಂಗಳ ಗಂಡು ಟಿಬೆಟನ್ ಮಾಸ್ಟಿಫ್ ಇದಾನೆ, ಹೆಸರು ಭೈರ. ಕಪ್ಪು ಮೈ, ಎರಡೂ ಕಣ್ಣಿನ ಮೇಲೆ ಒಂದೊಂದು ಕಂದು ಬೊಟ್ಟು. ಎರಡು ತಿಂಗಳ ಮರಿ ಇದ್ದಾಗ ತಂದಿದ್ದು. ಹತ್ತು ತಿಂಗಳವರೆಗೂ ಇವನಷ್ಟು ಸಾಧು ನಾಯಿ ಇನ್ನೊಂದಿಲ್ಲ ಅಂದ್ಕೊಂಡಿದ್ವಿ. ಮನೆಗೆ ಬಂದವರ ತೊಡೆ ಮೇಲೆಲ್ಲ ತಲೆ ಇಟ್ಟು ಮಲಗೋನು. ಈಗ ಹಗಲೆಲ್ಲ ನಿದ್ದೆ. ರಾತ್ರಿ ಹನ್ನೊಂದಕ್ಕೆ ಶುರುವಾದ್ರೆ ಬೆಳಗಿನ ಜಾವದವರೆಗೂ ಬೊಗಳ್ತಾನೆ. ಅಂಗಳದಲ್ಲಿ ಕರೆದ್ರೆ ಒಂದ್ಸಲ ತಿರುಗಿ ನೋಡ್ತಾನೆ, ಕೇಳಿಸ್ತು ಅನ್ನೋದು ಗೊತ್ತಾಗತ್ತೆ, ಆದ್ರೂ ತನ್ನ ಪಾಡಿಗೆ ತಾನು ಹೋಗ್ತಾನೆ.

ಹೋದ ವಾರ ನನ್ನ ತಮ್ಮ ಬಂದಿದ್ದ. ಭೈರ ಮರಿಯಾಗಿದ್ದಾಗ ಎತ್ತಿ ಆಡಿಸಿದವನೇ. ಭೈರ ಬಾಗಿಲಿಗೆ ಅಡ್ಡ ನಿಂತ. ಗುರ್ ಅನ್ನಲಿಲ್ಲ, ಹಲ್ಲು ತೋರಿಸಲಿಲ್ಲ. ತಮ್ಮ ಎಡಕ್ಕೆ ಸರಿದ್ರೆ ಇವನೂ ಎಡಕ್ಕೆ, ಬಲಕ್ಕೆ ಸರಿದ್ರೆ ಇವನೂ ಬಲಕ್ಕೆ. ಹತ್ತು ನಿಮಿಷ ಹೀಗೇ. ಕೊನೆಗೆ ನಾನು ಕತ್ತಿನ ಪಟ್ಟಿ ಹಿಡಿದು ಒಳಗೆ ಎಳ್ಕೊಂಡು ಹೋಗಬೇಕಾಯ್ತು. 58 ಕೆಜಿ ಇದಾನೆ, ಎಳೆಯೋದು ಸುಲಭದ ಮಾತಲ್ಲ.

ಜೊತೆಗೆ ಸೆಕೆ. ನಾಲಿಗೆ ಹೊರಗೆ ಹಾಕ್ಕೊಂಡು ಏದುಸಿರು ಬಿಡೋದು ನೋಡಿದ್ರೆ ಕರುಳು ಚುರ್ ಅನ್ನತ್ತೆ. ಗ್ರೂಮಿಂಗ್ ಮಾಡೋರು ಪೂರ್ತಿ ಬೋಳಿಸಿಬಿಡಿ ಅಂತಿದಾರೆ. ಇವನನ್ನ ಬೇರೆಯವರಿಗೆ ಕೊಟ್ಟುಬಿಡೋ ಮಾತೂ ಮನೇಲಿ ಶುರುವಾಗಿದೆ. ನನಗಂತೂ ಮನಸ್ಸಿಲ್ಲ. ಏನು ಮಾಡಲಿ?

ಮೂರುಮರಿ
ಬೋಳಿಸಬೇಡಿ! ಇದೊಂದು ಮಾತು ಮೊದಲು ಕೇಳಿ, ಉಳಿದದ್ದು ಆಮೇಲೆ.

ಹನ್ನೊಂದು_ವರ್ಷ
ಹನ್ನೊಂದು ವರ್ಷದಿಂದ ಈ ತಳಿ ಸಾಕ್ತಿದೀನಿ, ಮೊದಲು ಒಂದು ಹೆಣ್ಣು, ಈಗ ಒಂದು ಗಂಡು. ನೀವು ಬರೆದಿದ್ದರಲ್ಲಿ ನಾಯಿಯ ತಪ್ಪು ಒಂದೂ ಕಾಣಿಸ್ತಿಲ್ಲ ನನಗೆ. ಕೋಪ ಮಾಡ್ಕೋಬೇಡಿ, ವಿವರವಾಗಿ ಹೇಳ್ತೀನಿ.

ಟಿಬೆಟ್‌ನಲ್ಲಿ ಈ ನಾಯಿಗೆ ದೋ-ಖಿ ಅಂತಾರೆ, ಕಟ್ಟಿಹಾಕೋ ನಾಯಿ ಅನ್ನೋ ಅರ್ಥದಲ್ಲಿ. ಅಲೆಮಾರಿ ಕುರಿ-ಯಾಕ್ ಸಾಕೋರು ಹಗಲು ಇದನ್ನ ಡೇರೆ ಪಕ್ಕ ಗೂಟಕ್ಕೆ ಕಟ್ಟಿ, ಕತ್ತಲಾದ ಮೇಲೆ ಬಿಡ್ತಿದ್ರು. ರಾತ್ರಿಯಿಡೀ ಹಿಂಡಿನ ಸುತ್ತ, ಡೇರೆ ಸುತ್ತ ಇದರದ್ದೇ ರಾಜ್ಯ. ತೋಳ ಬಂತು, ಚಿರತೆ ಬಂತು, ಗುರುತಿಲ್ಲದ ಮನುಷ್ಯ ಬಂದ ಅಂದ್ರೆ ಯಜಮಾನನ್ನ ಎಬ್ಬಿಸಿ ಅಪ್ಪಣೆ ಕೇಳೋಕೆ ಆಗತ್ತಾ? ತಾನೇ ತೀರ್ಮಾನ ಮಾಡಬೇಕು. ಶತಮಾನಗಟ್ಟಲೆ ಜನ ಉಳಿಸ್ಕೊಂಡಿದ್ದು ಇಂಥ ತೀರ್ಮಾನ ಮಾಡೋ ನಾಯಿಗಳನ್ನೇ. ನಿಮ್ಮ ಭೈರ ಹಗಲು ಮಲಗಿ ರಾತ್ರಿ ಎದ್ದಿರೋದು, ಕರೆದ್ರೆ ನೋಡಿ 'ಈಗ ಬೇಡ' ಅಂತ ಹೋಗೋದು, ಅಡ್ಡ ನಿಂತು ದಾರಿ ಕಟ್ಟೋದು, ಎಲ್ಲ ಅದೇ ಕೆಲಸ.

ಹತ್ತು ತಿಂಗಳವರೆಗೆ ಸಾಧು ಇದ್ದ ಅಂದ್ರಲ್ಲ, ಆಗ ಅವನು ಮಗು. ಈ ತಳಿ ನಿಧಾನಕ್ಕೆ ಬೆಳೆಯತ್ತೆ. ಹೆಣ್ಣು ಪೂರ್ತಿ ಬಲಿಯೋಕೆ ಮೂರು ವರ್ಷ, ಗಂಡಿಗೆ ನಾಲ್ಕೈದು ವರ್ಷವೂ ಬೇಕು. ಕಾವಲಿನ ಬುದ್ಧಿ ಎಚ್ಚರ ಆಗೋದು ವರ್ಷದ ಆಸುಪಾಸಲ್ಲೇ. ಇನ್ನೂ ಹೆಚ್ಚಾಗತ್ತೆ, ತಯಾರಾಗಿರಿ.

ಶಿಸ್ತೇ_ಮುಖ್ಯ
ಇದೆಲ್ಲ ಮುದ್ದು ಜಾಸ್ತಿ ಆಗಿದ್ದರ ಫಲ. ಮನೇಲಿ ಯಜಮಾನ ಯಾರು ಅಂತ ಅವನಿಗೆ ಗೊತ್ತಿಲ್ಲ. ಚೋಕ್ ಚೈನ್ (ಎಳೆದ್ರೆ ಕತ್ತಿಗೆ ಬಿಗಿಯೋ ಸರಪಳಿ) ಹಾಕಿ, ಅಡ್ಡ ನಿಂತಾಗ ನೆಲಕ್ಕೆ ಒತ್ತಿ ಮಲಗಿಸಿ. ಎರಡು ಸಲ ಮಾಡಿದ್ರೆ ಸರಿಹೋಗ್ತಾನೆ. ನಾನು ನಾಲ್ಕು ಜರ್ಮನ್ ಶೆಫರ್ಡ್ ತಿದ್ದಿದೀನಿ.

ಹನ್ನೊಂದು_ವರ್ಷ
@ಶಿಸ್ತೇ_ಮುಖ್ಯ ದಯವಿಟ್ಟು ಈ ಸಲಹೆ ಯಾರಿಗೂ ಕೊಡಬೇಡಿ. ಜರ್ಮನ್ ಶೆಫರ್ಡ್ ಮನುಷ್ಯನ ಮುಖ ನೋಡಿ ಕೆಲಸ ಮಾಡೋ ನಾಯಿ, ಇದು ಹಾಗಲ್ಲ. ಇಷ್ಟು ದೊಡ್ಡ ಕಾವಲು ನಾಯಿನ ನೆಲಕ್ಕೆ ಒತ್ತಿದ್ರೆ ಅದು ಕಲಿಯೋದು ಒಂದೇ: ಇವರನ್ನ ನಂಬೋ ಹಾಗಿಲ್ಲ. ಇವತ್ತು ಗುರ್ ಅನ್ನದೇ ಅಡ್ಡ ನಿಂತಿರೋ ನಾಯಿ, ನಾಳೆ ಗುರ್ ಅನ್ನದೇ ಕಚ್ಚೋ ನಾಯಿ ಆಗತ್ತೆ. ತಮ್ಮನನ್ನ ತಡೆದು, ಮೈಗೆ ಬಾಯಿ ಹಾಕದೆ ಬಿಟ್ಟಿದಾನಲ್ಲ, ಅದು ಒಳ್ಳೇ ಲಕ್ಷಣ. ಅದನ್ನ ಹಾಳು ಮಾಡಬಾರದು.

ಶಿಸ್ತೇ_ಮುಖ್ಯ
ಅಂದ್ರೆ ಬಂದವರನ್ನೆಲ್ಲ ತಡೀಲಿ ಅಂತ ಸುಮ್ನೆ ಬಿಡೋದಾ? ಮನೆಗೆ ಮಕ್ಕಳು ಬರ್ತಾರೆ, ವಯಸ್ಸಾದವರು ಬರ್ತಾರೆ.

ಸಂಜೆಗಾಳಿ
ಸುಮ್ನೆ ಬಿಡಿ ಅಂತ ಇಲ್ಲಿ ಯಾರೂ ಹೇಳ್ತಿಲ್ಲ ಸ್ವಾಮಿ. ಅತಿಥಿ ಬರೋ ಮೊದಲೇ ನಾಯಿ ಬೇರೆ ಕೋಣೇಲಿ ಇರಬೇಕು, ಬಾಗಿಲು ಹಾಕಿರಬೇಕು. ಕೂತು ಮಾತಾಡಿ ಗಲಾಟೆ ತಣ್ಣಗಾದ ಮೇಲೆ, ಪಟ್ಟಿ ಹಿಡಿದು ಹೊರಗೆ ತರೋದು. ಅತಿಥಿಗೆ ಮೊದಲೇ ಹೇಳಿರಿ: ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ತಲೆ ಮೇಲೆ ಕೈ ತರಬೇಡಿ, ಹೆಸರು ಹಿಡಿದು ಕರೀಬೇಡಿ. ಆಗಾಗ ಬರೋ ತಮ್ಮನಂಥವರಿಗೆ ಇನ್ನೂ ಒಳ್ಳೇ ದಾರಿ ಅಂದ್ರೆ ಗೇಟಿನ ಹೊರಗೆ ಭೇಟಿ ಮಾಡಿಸಿ, ಹದಿನೈದು ಇಪ್ಪತ್ತು ನಿಮಿಷ ಒಟ್ಟಿಗೆ ನಡೆದು, ಜೊತೆಯಾಗೇ ಒಳಗೆ ಬರೋದು. ನಿಮ್ಮ ಜೊತೆ ಒಳಗೆ ಬಂದವನು ಅವನ ಲೆಕ್ಕದಲ್ಲಿ ಬೇರೆ.

ಇನ್ನೊಂದು. ಮಕ್ಕಳು ಕಿರುಚಾಡ್ತಾ ಓಡಾಡಿದ್ರೆ, ಜಗಳದ ಆಟ ಆಡಿದ್ರೆ, ನೆಂಟರ ಮಗು ನಿಮ್ಮ ಮಗೂನ ಹೊಡೀತಿದೆ ಅಂತಲೇ ಅವನು ಅಂದ್ಕೋತಾನೆ. ಆಗ ನಾಯಿ ಅಲ್ಲಿ ಇರಲೇಬಾರದು. ಇದರಲ್ಲಿ ರಾಜಿ ಬೇಡ.

ಪಶುವೈದ್ಯೆ
ನಾನು ಪಶುವೈದ್ಯೆ. ಕೂದಲಿನ ವಿಷಯಕ್ಕೆ ಬರ್ತೀನಿ.

ಈ ತಳಿಗೆ ಡಬಲ್ ಕೋಟ್. ಮೇಲೆ ಉದ್ದನೆ ಒರಟು ಕೂದಲು, ಒಳಗೆ ಉಣ್ಣೆ ಥರ ದಟ್ಟ ಒಳಗೂದಲು. ಚಳಿ ಕಳೆದು ಬಿಸಿಲು ಬರೋ ಹೊತ್ತಿಗೆ ಒಳಗೂದಲು ಕೆಲವೇ ವಾರದಲ್ಲಿ ಒಟ್ಟಿಗೆ ಉದುರತ್ತೆ, ಸಾಮಾನ್ಯವಾಗಿ ವರ್ಷಕ್ಕೊಂದೇ ಸಲ. ಉದುರಿದ ಒಳಗೂದಲು ಹೊರಗೆ ಬರದೆ ಅಲ್ಲೇ ಸಿಕ್ಕಿಕೊಂಡ್ರೆ ಗಾಳಿ ಚರ್ಮಕ್ಕೆ ತಲುಪಲ್ಲ. ಸೆಕೆಗೆ ಅರ್ಧ ಕಾರಣ ಅದೇ. ಹಾಗಾಗಿ ಬಾಚೋದೇ ಮದ್ದು, ಬೋಳಿಸೋದಲ್ಲ. ಬೋಳಿಸಿದ್ರೆ ಬಿಸಿಲು ನೇರ ಚರ್ಮಕ್ಕೆ ಬೀಳತ್ತೆ, ಮತ್ತೆ ಬೆಳೆಯುವಾಗ ಮೃದು ಕೂದಲು ಮೊದಲು ಬಂದು ಕೋಟ್ ಹದ ಕೆಡತ್ತೆ. ಪಾದದ ಸಂದಿ, ಬಾಲದ ಕೆಳಗೆ ಬೇಕಾದ್ರೆ ಟ್ರಿಮ್ ಮಾಡಿ.

ನಾಯಿಯ ಮೈ ಬಿಸಿ ಸಾಮಾನ್ಯವಾಗಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ದಾಟಿದ್ರೆ ಜೀವಕ್ಕೇ ಅಪಾಯ. ಏದುಸಿರು ನಿಲ್ಲದೇ ಇದ್ರೆ, ಜೊಲ್ಲು ಅಂಟಂಟಾದ್ರೆ, ಒಸಡು ಗಾಢ ಕೆಂಪಾದ್ರೆ, ನಡಿಗೆ ತೂರಾಡಿದ್ರೆ ಕಾಯಬೇಡಿ. ನೆರಳಿಗೆ ತಂದು ಹೊಟ್ಟೆ, ತೊಡೆಸಂದು, ಪಾದಕ್ಕೆ ತಣ್ಣೀರು ಸುರೀತಾ ಫ್ಯಾನ್ ಹಾಕಿ, ತಕ್ಷಣ ಆಸ್ಪತ್ರೆಗೆ. ಒದ್ದೆ ಟವೆಲ್ ಹೊದಿಸಿ ಹಾಗೇ ಬಿಡಬೇಡಿ, ಶಾಖ ಒಳಗೇ ಉಳಿಯತ್ತೆ. ವಾಕಿಂಗ್ ನಸುಕಿನಲ್ಲಿ, ಮತ್ತೆ ನೆಲ ತಣಿದ ಮೇಲೆ ರಾತ್ರಿ. ನಿಮ್ಮ ಅಂಗೈ ಹಿಂಭಾಗ ನೆಲದ ಮೇಲೆ ಏಳೆಣಿಸೋವರೆಗೆ ಇಡೋಕಾಗದಿದ್ರೆ ಅವನ ಪಾದಕ್ಕೂ ಆಗಲ್ಲ.

ಮೂರುಮರಿ
ಬಾಚೋದು ಅಂದ್ರೆ ಮೇಲೆ ಮೇಲೆ ಬಾಚೋದಲ್ಲ ಅನ್ನೋದನ್ನೂ ಸೇರಿಸಿ. ನಾನು ಒಂದು ವರ್ಷ ಹಾಗೇ ಮಾಡ್ತಿದ್ದೆ, ಮೇಲಿನಿಂದ ರೇಷ್ಮೆ ಥರ ಕಾಣೋದು, ಬೆರಳು ಒಳಗಿಟ್ರೆ ಕಂಬಳಿ. ಒಂದು ಕೈಯಲ್ಲಿ ಕೂದಲನ್ನ ಮೇಲಕ್ಕೆ ಎತ್ತಿ ಹಿಡೀರಿ, ಚರ್ಮದ ಬಿಳಿ ಗೆರೆ ಕಾಣಬೇಕು. ಆ ಗೆರೆಯಿಂದ ಕೆಳಕ್ಕೆ ಸ್ವಲ್ಪ ಸ್ವಲ್ಪವೇ ಬಾಚ್ತಾ ಮೇಲಕ್ಕೆ ಹೋಗಿ. ತೊಡೆ ಹಿಂದೆ ಬೂದು ಬಣ್ಣದ ಹತ್ತಿ ಉಂಡೆ ಉಂಡೆಯಾಗಿ ಬರತ್ತೆ, ಮೇಲಿನ ಕೂದಲು ಕಪ್ಪಾಗಿದ್ರೂ.

ದಾರಿಹೋಕ
ವಿಷಯಕ್ಕೆ ಸ್ವಲ್ಪ ಹೊರಗಿನದು. ಇದು ನಿಜವಾಗ್ಲೂ ಮಾಸ್ಟಿಫಾ? ಇಂಗ್ಲಿಷ್ ಮಾಸ್ಟಿಫ್‌ಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಹಳೆಪುಟ
ಯುರೋಪಿನವರು ಇಟ್ಟ ಹೆಸರು ಅದು. ದೊಡ್ಡ ನಾಯಿ ಕಂಡ್ರೆ ಮಾಸ್ಟಿಫ್ ಅನ್ನೋ ರೂಢಿ. ನಿಜಕ್ಕೂ ಇದು ಹಿಮಾಲಯದ ಮಂದೆ ಕಾಯೋ ನಾಯಿ. ನೇಪಾಳದಲ್ಲಿ ಭೋಟೆ ಕುಕುರ್ ಅಂತಾರೆ, ಭೋಟೆ ಅಂದ್ರೆ ಟಿಬೆಟ್ ಕಡೆಯದು. 1847ರಲ್ಲಿ ಗವರ್ನರ್ ಜನರಲ್ ಆಗಿದ್ದ ಹಾರ್ಡಿಂಜ್ ಒಂದು ನಾಯಿಯನ್ನ ವಿಕ್ಟೋರಿಯಾ ರಾಣಿಗೆ ಕಳಿಸಿದ್ದ, ಪಶ್ಚಿಮಕ್ಕೆ ಇದರ ಪರಿಚಯ ಆಗಿದ್ದು ಹೆಚ್ಚುಕಮ್ಮಿ ಆವಾಗಿಂದ. ನಾಯಿ ತಳಿಗಳನ್ನ ನೋಂದಾಯಿಸೋ ಅಮೆರಿಕದ ಕೆನಲ್ ಕ್ಲಬ್ ಮಾನ್ಯತೆ ಕೊಟ್ಟಿದ್ದಂತೂ 2006ರಲ್ಲಿ. ಕಪ್ಪು ನಾಯಿ ಕತ್ತಿಗೆ ಕೆಂಪು ಬಣ್ಣ ಹಾಕಿದ ಯಾಕ್ ಕೂದಲಿನ ದಪ್ಪ ಹಾರ ಹಾಕಿರೋ ಫೋಟೋ ನೋಡಿರ್ತೀರಿ, ಅದಕ್ಕೆ ಕೆಖೋರ್ ಅಂತಾರೆ. ಟಿಬೆಟ್ ಕಡೆಯ ಸಾಂಪ್ರದಾಯಿಕ ಅಲಂಕಾರ.

ಗಟ್ಟಿಕಾಲು
ಮಾರ್ಕೊ ಪೋಲೊ ಕತ್ತೆಯಷ್ಟು ದೊಡ್ಡ ನಾಯಿ ಅಂತ ಬರೆದಿದ್ದು ಇದನ್ನೇ ಅಲ್ವಾ? ನನ್ನ ಪರಿಚಯದ ಬ್ರೀಡರ್ 100 ಕೆಜಿ ಗ್ಯಾರಂಟಿ ಅಂತಿದಾರೆ.

ಹನ್ನೊಂದು_ವರ್ಷ
ಗ್ಯಾರಂಟಿ ಕೊಡೋ ಬ್ರೀಡರ್ ಹತ್ರ ಹೋಗಲೇಬೇಡಿ. ಅಂತರರಾಷ್ಟ್ರೀಯ ಮಾನದಂಡದಲ್ಲಿ ಗಂಡಿಗೆ ಭುಜದ ಹತ್ರ ಕನಿಷ್ಠ 66 ಸೆಂಟಿಮೀಟರ್, ಹೆಣ್ಣಿಗೆ 61. ಆರೋಗ್ಯವಾಗಿರೋ ಗಂಡು ಸಾಮಾನ್ಯವಾಗಿ 40ರಿಂದ 70 ಕೆಜಿ ಒಳಗೇ ಬರತ್ತೆ. ಅರ್ಧ ಗಾತ್ರ ಕೂದಲಿಂದಲೇ ಕಾಣೋದು, ಸ್ನಾನ ಮಾಡಿಸಿದಾಗ ನೋಡಿ. ಬೆಟ್ಟ ಹತ್ತಿ ಇಳಿದು ರಾತ್ರಿಯೆಲ್ಲ ಗಸ್ತು ತಿರುಗೋ ನಾಯಿ 100 ಕೆಜಿ ಹೊತ್ತು ಏನು ಮಾಡತ್ತೆ? ಜೋತುಬಿದ್ದ ತುಟಿ, ಮುಚ್ಚಿಹೋದ ಕಣ್ಣು, ನಡೆಯೋಕಾಗದ ಹಿಂಗಾಲು, ಇದೆಲ್ಲ ಬಂದಿದ್ದು ದೊಡ್ಡದು ಬೇಕು ಅನ್ನೋ ಹುಚ್ಚಿನಿಂದ.

ಬಿಳಿಮೋಡ
ಹುಚ್ಚು ಅಂದ್ರಲ್ಲ, ಚೀನಾದಲ್ಲಿ ಆಗಿದ್ದು ಅದೇ. 2014ರಲ್ಲಿ ಝೆಜಿಯಾಂಗ್ ಪ್ರಾಂತ್ಯದಲ್ಲಿ ಒಂದು ಹೊಂಬಣ್ಣದ ಮರಿ 1.2 ಕೋಟಿ ಯುವಾನ್‌ಗೆ ಮಾರಾಟ ಆಯ್ತು ಅಂತ ಪ್ರಪಂಚವೆಲ್ಲ ಸುದ್ದಿ. ಅದಕ್ಕೆ ಹಿಂದಿನ ವರ್ಷ ಹೆನಾನ್ ಪ್ರಾಂತ್ಯದ ಲುವೊಹೆಯ ಮೃಗಾಲಯದಲ್ಲಿ ಆಫ್ರಿಕಾ ಸಿಂಹ ಅಂತ ಬೋರ್ಡ್ ಇದ್ದ ಪಂಜರದೊಳಗಿಂದ ಬೊಗಳೋ ಸದ್ದು ಬಂದಿತ್ತು. ಒಳಗಿದ್ದದ್ದು ಟಿಬೆಟನ್ ಮಾಸ್ಟಿಫ್.

ಜನ ನಕ್ಕರು. ಆಮೇಲೆ ಬೆಲೆ ಬಿತ್ತು, ಅದಕ್ಕೆ ಯಾರೂ ನಗಲಿಲ್ಲ. ಸಾಕಣೆ ಕೇಂದ್ರಗಳು ಮುಚ್ಚಿದ್ವು, ಎಷ್ಟೋ ನಾಯಿಗಳನ್ನ ಮಾಂಸಕ್ಕೆ ಮಾರಿದ್ರು, ಉಳಿದವನ್ನ ಬೀದಿಗೆ ಬಿಟ್ರು. ಕ್ವಿಂಗ್‌ಹೈ, ಟಿಬೆಟ್ ಕಡೆ ಹಿಂಡು ಕಟ್ಟಿಕೊಂಡು ಯಾಕ್ ಕುರಿಗಳ ಮೇಲೇ ಬೀಳೋಕೆ ಶುರು ಮಾಡಿದ್ವು. ಹಿಂಡು ಕಾಯೋಕೆ ಹುಟ್ಟಿದ ನಾಯಿಗಳು. ಹಿಮಚಿರತೆಗೂ ಅವುಗಳ ಕಾಟ ಅಂತ ವನ್ಯಜೀವಿಯವರು ಹೇಳ್ತಾರೆ. ಓದಿದಾಗೆಲ್ಲ ಹೊಟ್ಟೆ ಉರಿಯತ್ತೆ ನನಗೆ.

ಪಶುವೈದ್ಯೆ
ಅದಕ್ಕೇ ಜಂತುಹುಳದ ಔಷಧಿ ಬಗ್ಗೆ ಒಂದು ಮಾತು. ಟಿಬೆಟ್ ಪ್ರಸ್ಥಭೂಮಿಯಲ್ಲಿ ನಾಯಿಯ ಕರುಳಿನ ಲಾಡಿಹುಳದಿಂದ ಮನುಷ್ಯರ ಪಿತ್ತಜನಕಾಂಗದಲ್ಲಿ ಗಡ್ಡೆ ಆಗೋ ಎಕಿನೊಕಾಕೋಸಿಸ್ ದೊಡ್ಡ ಸಮಸ್ಯೆ. ನಾಯಿ ಯಾವ ತಳಿಯದ್ದೇ ಆಗಲಿ, ಹುಳದ ಔಷಧಿ ತಪ್ಪಿಸಬೇಡಿ, ಹಸಿ ಕರುಳು-ಶ್ವಾಸಕೋಶ ತಿನ್ನೋಕೆ ಬಿಡಬೇಡಿ.

ಗೋಡೆಯಾಚೆ
ನಾನು ನಾಯಿ ಸಾಕಿದವಳಲ್ಲ. ಇಂಥದೇ ನಾಯಿ ಇರೋ ಮನೆ ಪಕ್ಕ ಎರಡು ವರ್ಷ ಇದ್ದವಳು. ಎಲ್ಲರೂ ಅದರ ಸ್ವಭಾವ, ಅದರ ಕೆಲಸ ಅಂತಿದೀರಿ. ಸರಿ. ಆದ್ರೆ ಎಳೆ ಮಗು ಇಟ್ಕೊಂಡು ರಾತ್ರಿ ಎರಡು ಗಂಟೆಗೆ ಆ ಸದ್ದು ಕೇಳಿದವರ ಬಗ್ಗೆ ಒಬ್ಬರೂ ಬರೀಲಿಲ್ಲ. ಸಾಮಾನ್ಯ ಬೊಗಳು ಅಲ್ಲ ಅದು, ಎದೆಗೆ ಬಂದು ಬಡಿಯತ್ತೆ. ನಾಯಿಗೆ ಸ್ವಭಾವ ಇದೆ, ಯಜಮಾನರಿಗೆ ಜವಾಬ್ದಾರಿ ಇಲ್ವಾ?

ಹನ್ನೊಂದು_ವರ್ಷ
ನೀವು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಮೊದಲೇ ಬರೀಬೇಕಿತ್ತು.

ಮನೆಗಳು ಒತ್ತೊತ್ತಾಗಿರೋ ಕಡೆ ಈ ನಾಯಿ ರಾತ್ರಿ ಹೊರಗೆ ಇರಲೇಬಾರದು. ಒಳಗೆ ಮಲಗಿಸಬೇಕು, ಬೀದಿ ಕಾಣೋ ಕಿಟಕಿಗೆ ಪರದೆ ಹಾಕಬೇಕು, ಫ್ಯಾನ್ ಸದ್ದು ಇದ್ರೆ ಒಳ್ಳೇದು. ನಾನು ಮಾಡೋದು ಹೀಗೆ: ಮಲಗೋ ಮೊದಲು ಪಟ್ಟಿ ಹಾಕಿ ಅವನ ಜೊತೆ ಕಾಂಪೌಂಡ್ ಸುತ್ತ ಒಂದು ಸುತ್ತು. ಮೂಲೆ ಮೂಲೆಯಲ್ಲಿ ನಿಂತು ಮೂಸಲಿ ಅಂತ ಕಾಯ್ತೀನಿ, ಆತುರ ಮಾಡಲ್ಲ. ಒಳಗೆ ಬಂದ ಮೇಲೂ ಬೊಗಳಿದ್ರೆ ಎದ್ದು ಹೋಗಿ, ಅವನು ನೋಡ್ತಿರೋ ಕಡೆಗೇ ನಾನೂ ನೋಡಿ, 'ನೋಡಿದೆ, ಸಾಕು' ಅಂತ ಮೆಲ್ಲಗೆ ಹೇಳಿ ಕರೆದುಕೊಂಡು ಬರ್ತೀನಿ. ಕೂಗಾಡಿದ್ರೆ ನೀವೂ ಜೊತೆಗೆ ಬೊಗಳ್ತಿದೀರಿ ಅನ್ನೋ ಹಾಗೆ ಅವನು ಇನ್ನೂ ಜೋರು ಮಾಡ್ತಾನೆ. ಮೊದಲ ವಾರ ನನಗೆ ನಿದ್ದೆಯೇ ಇರಲಿಲ್ಲ, ಒಂದು ತಿಂಗಳಲ್ಲಿ ದಾರಿಗೆ ಬಂದ.

ಒಳಗೆ ಜಾಗ ಇಲ್ಲ ಅನ್ನೋರು ಈ ತಳಿ ತರಬಾರದು. ಅಷ್ಟೇ.

ಸಂಜೆಗಾಳಿ
ಬೇಲಿ ಬಗ್ಗೆಯೂ ಯಾರೂ ಹೇಳಿಲ್ಲ. ಕನಿಷ್ಠ ಆರು ಅಡಿ, ಬುಡದಲ್ಲಿ ಅಗೆದು ನುಸುಳದ ಹಾಗೆ. ಇವು ಹತ್ತೋದರಲ್ಲೂ ಜಾಣ. ತನ್ನ ಜಾಗ ಎಲ್ಲಿವರೆಗೆ ಅಂತ ಅವನೇ ಗೆರೆ ಹಾಕ್ಕೋತಾನೆ, ಬೇಲಿ ಇಲ್ಲದಿದ್ರೆ ಪಕ್ಕದ ಬೀದಿಯೂ ಅವನದೇ. ಬಯಲಲ್ಲಿ ಪಟ್ಟಿ ಬಿಚ್ಚೋ ಆಸೆ ಬಿಟ್ಟುಬಿಡಿ. ನೂರು ಸಲ ಕರೆದಾಗ ಬಂದವನು ನೂರೊಂದನೇ ಸಲ ಬರಲ್ಲ.

ಭೈರನ_ಮನೆ
ಎಲ್ಲರಿಗೂ ತುಂಬಾ ಧನ್ಯವಾದ. @ಗೋಡೆಯಾಚೆ ನಿಮ್ಮ ಮಾತು ಓದಿ, ಇವತ್ತು ಸಂಜೆ ಪಕ್ಕದ ಮನೆಗೆ ಹೋಗಿ ಕ್ಷಮೆ ಕೇಳಿ ಬಂದೆ. ಇಷ್ಟು ದಿನ ಅವರೇ ಬಂದು ಹೇಳಲಿ ಅಂತ ಕಾಯ್ತಿದ್ದೆ, ತಪ್ಪು ನನ್ನದು.

ಇನ್ನೆರಡು ಪ್ರಶ್ನೆ. ಇವನು ಊಟ ಬಹಳ ಕಡಿಮೆ ಮಾಡ್ತಾನೆ, ಕೆಲವೊಮ್ಮೆ ಒಂದು ಹೊತ್ತು ತಟ್ಟೆ ಮೂಸಿ ಹೋಗ್ತಾನೆ. ಮತ್ತೆ, ಕ್ಯಾಲ್ಸಿಯಂ ಪುಡಿ ಕೊಡಿ ಅಂತ ಒಬ್ಬರು ಹೇಳಿದಾರೆ, ಕೊಡಲಾ?

ಪಶುವೈದ್ಯೆ
ಕ್ಯಾಲ್ಸಿಯಂ ಬೇಡವೇ ಬೇಡ, ವೈದ್ಯರು ಪರೀಕ್ಷೆ ಮಾಡಿ ಬರೆದುಕೊಟ್ಟ ಹೊರತು. ದೊಡ್ಡ ತಳಿಯ ಮರಿಗೆ ಕ್ಯಾಲ್ಸಿಯಂ ಹೆಚ್ಚಾದ್ರೆ ಮೂಳೆ-ಕೀಲು ಬೆಳೆಯೋ ಲಯವೇ ತಪ್ಪತ್ತೆ. ದೊಡ್ಡ ತಳಿಯ ಮರಿಗಳಿಗೆ ಅಂತಲೇ ಮಾಡಿದ ಆಹಾರದಲ್ಲಿ ಬೇಕಾದಷ್ಟು ಇರತ್ತೆ. ಮೈ ತೆಳ್ಳಗೇ ಇರಲಿ, ಕೂದಲ ಒಳಗೆ ಕೈ ಹಾಕಿದ್ರೆ ಪಕ್ಕೆಲುಬು ಬೆರಳಿಗೆ ಸಿಗಬೇಕು. ಮೆಟ್ಟಿಲು ಹತ್ತಿಳಿಯೋದು, ಕಾರಿಂದ ಜಿಗಿಯೋದು ಕಡಿಮೆ ಮಾಡಿ. ಹಿಪ್ ಡಿಸ್‌ಪ್ಲೇಸಿಯಾ, ಅಂದ್ರೆ ಸೊಂಟದ ಕೀಲು ಸರಿಯಾಗಿ ಕೂರದ ತೊಂದರೆ, ಈ ತಳಿಯಲ್ಲೂ ಇದೆ, ಎರಡು ವರ್ಷ ತುಂಬಿದಾಗ ಒಂದು ಎಕ್ಸ್‌ರೇ ಮಾಡಿಸಿ.

ಗಾತ್ರಕ್ಕೆ ಹೋಲಿಸಿದ್ರೆ ಇವು ತಿನ್ನೋದು ಕಡಿಮೆಯೇ, ಸೆಕೆಯಲ್ಲಿ ಇನ್ನೂ ಕಡಿಮೆ. ಚುರುಕಾಗಿದ್ರೆ ಹೆದರಬೇಡಿ. ತಿನ್ನೋದು ಕಡಿಮೆ ಇದ್ದೂ ತೂಕ ಏರಿದ್ರೆ, ಕೂದಲು ಕಳೆಗೆಟ್ರೆ, ಸದಾ ಮಂಕಾಗಿದ್ರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ, ಈ ತಳಿಯಲ್ಲಿ ಅದು ಸಾಕಷ್ಟು ಕಾಣಿಸತ್ತೆ.

ಇದನ್ನ ಮಾತ್ರ ಮನೆಯವರಿಗೆಲ್ಲ ಹೇಳಿಡಿ: ಹೊಟ್ಟೆ ಉಬ್ಬಿ, ವಾಂತಿಗೆ ಪ್ರಯತ್ನ ಮಾಡಿದ್ರೂ ಏನೂ ಬರದೆ, ಕೂರಲಾರದೆ ನಿಲ್ಲಲಾರದೆ ಒದ್ದಾಡಿದ್ರೆ ಹೊಟ್ಟೆ ತಿರುಚಿಕೊಂಡಿದೆ ಅಂತ ಅರ್ಥ. ಬೆಳಗಾಗಲಿ ಅಂತ ಕಾದ್ರೆ ಬದುಕಲ್ಲ. ದಿನಕ್ಕೆ ಎರಡು ಹೊತ್ತು ಹಂಚಿ ಊಟ ಹಾಕಿ, ಊಟದ ಹಿಂದೆ ಮುಂದೆ ಓಡಾಟ ಬೇಡ.

ದಾರಿಹೋಕ
ಅಷ್ಟು ಎತ್ತರದಲ್ಲಿ, ಗಾಳಿ ತೆಳು ಇರೋ ಕಡೆ ಬದುಕಿದ ನಾಯಿ ಕೆಳಗೆ ತಂದ್ರೆ ತೊಂದರೆ ಆಗಲ್ವಾ?

ಹಳೆಪುಟ
ತೊಂದರೆ ಸೆಕೆಯಿಂದ, ಗಾಳಿಯಿಂದ ಅಲ್ಲ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರ ಸುಮಾರು 4,500 ಮೀಟರ್. ಅಲ್ಲಿ ಬದುಕೋಕೆ ನೆರವಾಗೋ ಇಪಿಎಎಸ್1 ಅನ್ನೋ ಜೀನ್‌ನ ವಿಶೇಷ ರೂಪ ಈ ನಾಯಿಗಳಿಗೆ ಬಂದಿದ್ದು ಅಲ್ಲಿನ ತೋಳಗಳ ಜೊತೆ ಬೆರೆತಾಗ. ನನಗೆ ಬಹಳ ಇಷ್ಟವಾದ ಸಂಗತಿ ಏನಂದ್ರೆ, ಟಿಬೆಟ್‌ನ ಜನರಿಗೂ ಅದೇ ಜೀನ್‌ನ ವಿಶೇಷ ರೂಪ ಬಂದಿದೆ, ಡೆನಿಸೋವನ್ ಅನ್ನೋ ಅಳಿದುಹೋದ ಮಾನವ ಬಳಗದಿಂದ. ಮನುಷ್ಯ, ನಾಯಿ ಇಬ್ಬರೂ ಮೊದಲೇ ಅಲ್ಲಿದ್ದವರಿಂದ ಪಡ್ಕೊಂಡು ಮೇಲೆ ಬದುಕಿದ್ರು.

ಮೂರುಮರಿ
ತೋಳದ ಥರ ಇನ್ನೊಂದಿದೆ. ಹೆಣ್ಣು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಸಲ ಬೆದೆಗೆ ಬರತ್ತೆ, ಚಳಿಗಾಲದ ಮುಂಚೆ. ಬೇರೆ ತಳಿ ಸಾಕಿ ರೂಢಿ ಇದ್ದವರು ಕಾಯಿಲೆ ಅಂತ ಗಾಬರಿ ಆಗ್ತಾರೆ. ವರ್ಷವಿಡೀ ಮರಿ ಸಿಗತ್ತೆ ಅನ್ನೋ ಬ್ರೀಡರ್ ಹತ್ರ ಎರಡು ಸಲ ವಿಚಾರಿಸಿ.

ಖಾಲಿ_ಅಂಗಳ
ಬರೀಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಮ್ಮದೂ ಗಂಡು, ಒಂದೂವರೆ ವರ್ಷಕ್ಕೆ ಕೊಟ್ಟುಬಿಟ್ವಿ. ಭೈರನ ಹಾಗೇ ಅಡ್ಡ ನಿಲ್ತಿದ್ದ. ನಾವು ಹೆದರಿ ಹಗಲೂ ರಾತ್ರಿ ಕಟ್ಟಿಹಾಕಿದ್ವಿ. ಟಿಬೆಟ್‌ನಲ್ಲಿ ಕಟ್ತಾರಲ್ಲ ಅಂತ ನಾನೇ ವಾದ ಮಾಡಿದ್ದೆ. ಅಲ್ಲಿ ರಾತ್ರಿ ಬಿಡ್ತಾರೆ ಅನ್ನೋದು ಈಗ ಓದ್ತಿದೀನಿ. ಆರು ತಿಂಗಳಲ್ಲಿ ಸರಪಳಿ ಎಟುಕೋ ಜಾಗದಲ್ಲಿ ನೆಲ ಸವೆದು ಗುಂಡಗೆ ಗೆರೆ ಬಿದ್ದಿತ್ತು. ಆ ಗೆರೆ ಒಳಗೆ ಕಾಲಿಟ್ಟರೆ ನನ್ನನ್ನೂ ಗುರ್ ಅನ್ನೋಕೆ ಶುರು ಮಾಡಿದ. ಹೋಗುವಾಗ ಗಾಡಿ ಒಳಗಿಂದ ನಮ್ಮ ಕಡೆ ನೋಡಲೂ ಇಲ್ಲ. ನಿಮಗೆ ಇನ್ನೂ ಸಮಯ ಇದೆ, ಭೈರನ ಮನೆಯವರೇ.

ಶಿಸ್ತೇ_ಮುಖ್ಯ
ಇದನ್ನ ಓದಿದ ಮೇಲೆ ನನ್ನ ಮೊದಲಿನ ಮಾತು ಹಿಂದಕ್ಕೆ ತಗೋತೀನಿ. ನೆಲಕ್ಕೆ ಒತ್ತೋದು ಬೇಡ. ಆದ್ರೆ ದಿನಾ ಹತ್ತು ನಿಮಿಷದ ಪಾಠ ಬೇಕೇ ಬೇಕು ಅನ್ನೋದು ಬಿಡಲ್ಲ. ಕಾಯಿ, ಬಾ, ಹಿಂದೆ ಸರಿ, ಈ ಮೂರು ಮಾತು.

ಹನ್ನೊಂದು_ವರ್ಷ
ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಹತ್ತು ನಿಮಿಷ ಒಟ್ಟಿಗೆ ಬೇಡ, ಮೂರು ನಿಮಿಷದಂತೆ ಮೂರು ಸಲ. ಒಂದೇ ಮಾತನ್ನ ಐದನೇ ಸಲ ಹೇಳಿದ್ರೆ ಇವು ಎದ್ದು ಹೋಗ್ತಾವೆ.

ಭೈರನ_ಮನೆ
ಮೂರು ವಾರ ಆಯ್ತು, ಹೇಗಿದೆ ಅಂತ ಹೇಳೋಣ ಅಂತ ಬಂದೆ.

ಭೈರ ಈಗ ರಾತ್ರಿ ಒಳಗೇ, ಮುಂಬಾಗಿಲ ಹತ್ರ ಬರೀ ನೆಲದ ಮೇಲೆ ಮಲಗ್ತಾನೆ, ಹಾಸಿಗೆ ಹಾಕಿದ್ರೆ ಪಕ್ಕಕ್ಕೆ ತಳ್ತಾನೆ. ಬೊಗಳೋದು ಪೂರ್ತಿ ನಿಂತಿಲ್ಲ. ನಿನ್ನೆ ರಾತ್ರಿ ಎರಡು ಸಲ. ಎದ್ದು ಹೋಗಿ ಕಿಟಕಿಯಿಂದ ನೋಡಿ 'ನೋಡಿದೆ, ಸಾಕು' ಅಂದೆ. ಎರಡನೇ ಸಲ ನಾನು ಬಾಯಿ ತೆಗೆಯೋ ಮೊದಲೇ ತಿರುಗಿ ಬಂದು ಮಲಗಿದ. ಪಕ್ಕದ ಮನೆಯವರೂ ವ್ಯತ್ಯಾಸ ಗೊತ್ತಾಗ್ತಿದೆ ಅಂದ್ರು.

ಕೂದಲು ಬೋಳಿಸಲಿಲ್ಲ. ಚರ್ಮದ ಗೆರೆ ಕಾಣೋ ಹಾಗೆ ಎತ್ತಿ ಎತ್ತಿ ಬಾಚಿದ್ವಿ, ನಾಲ್ಕು ದಿನದಲ್ಲಿ ಒಂದು ದಿಂಬಿನ ಚೀಲ ತುಂಬಿತು. ಏದುಸಿರು ಎಷ್ಟೋ ಕಡಿಮೆ. ತಮ್ಮ ಭಾನುವಾರ ಬಂದಿದ್ದ, ಗೇಟಿನ ಹೊರಗೇ ಭೇಟಿ, ಅರ್ಧ ಗಂಟೆ ಜೊತೆಗೆ ನಡೆದು ಒಳಗೆ ಬಂದ್ವಿ. ತಮ್ಮ ಕೂತಿದ್ದಷ್ಟು ಹೊತ್ತೂ ಭೈರ ಎದುರಿಗೇ ಮಲಗಿ ನೋಡ್ತಿದ್ದ. ತೊಡೆ ಮೇಲೆ ತಲೆ ಇಡಲಿಲ್ಲ. ತಮ್ಮನಿಗೆ ಸ್ವಲ್ಪ ಬೇಸರ, ನನಗೆ ಅಷ್ಟೇ ಸಾಕಿತ್ತು. ಕೊಡೋ ಮಾತು ಮನೇಲಿ ಈಗ ಯಾರೂ ಎತ್ತುತ್ತಿಲ್ಲ.

ಮೂರುಮರಿ
ಒಂದೇ ದಿಂಬಿನ ಚೀಲ ಅಂದ್ರೆ ಇನ್ನೂ ಅರ್ಧ ಅಲ್ಲೇ ಇದೆ. ಕಿವಿ ಹಿಂದೆ, ಕತ್ತಿನ ಪಟ್ಟಿಯ ಕೆಳಗೆ ಬೆರಳು ಹಾಕಿ ನೋಡಿ, ಗಂಟು ಅಲ್ಲೇ ಕಟ್ಟೋದು.

ಭೈರನ_ಮನೆ
ನೋಡಿದೆ. ಎಡಗಿವಿ ಹಿಂದೆ ನಿಂಬೆಹಣ್ಣಿನಷ್ಟು ಗಂಟು ಇದೆ. ನಾಳೆ ಬೆಳಗ್ಗೆ ಬಿಡಿಸ್ತೀನಿ, ಈಗ ಮಲಗಿದಾನೆ.